ಮಾಮಾನ ರಿಪೇರಿ

ನಮ್ಮ ಊರಿನಲ್ಲಿ ಇವತ್ತಿಗೂ ಸುಸ್ಥಿತಿಯಲ್ಲಿರುವ ವಸ್ತುಗಳೆಂದರೆ ನಮ್ಮ ಮಾಮಾ ಕೈ ಹಚ್ಚದೆ ಬಿಟ್ಟವು ಮಾತ್ರ! ಚಾಡಿ ಹೇಳುತ್ತಿದ್ದೇನೆ ಅನಿಸಿದರೆ ಎಕ್ಕಂಬಿ ಕಡೆ ಬಂದು ಯಾರನ್ನಾದರೂ ಕೇಳಿ. ಅವನು ರಿಪೇರಿ ಮಾಡಿದ ಮಿಕ್ಸರು ರುಬ್ಬುತ್ತದೆ, ಆದರೆ ರುಬ್ಬುತ್ತಾ ಅಡುಗೆಮನೆ ತುಂಬ ನಡೆದಾಡುತ್ತದೆ. ಅವನು ಬಿಗಿ ಮಾಡಿಕೊಟ್ಟ ಸೈಕಲ್ಲು ಬಲಕ್ಕೆ ಮಾತ್ರ ತಿರುಗುತ್ತದೆ. ಅದರ ಮಾಲಕ ಎಡಗಡೆಯ ತನ್ನ ಮನೆಗೆ ಊರೆಲ್ಲ ಸುತ್ತಿಕೊಂಡು ಬರುತ್ತಾನೆ.

ಮಣ್ಣಿನ ಒಲೆ ಹಾಕುವುದೊಂದೇ ಅವನ ಕೈಯಲ್ಲಿ ನೆಟ್ಟಗಾಗುವ ಕೆಲಸ. ಅದನ್ನು ಅವನಿಗೆ ಕಲಿಸಿದವಳು ಅವನ ಅಕ್ಕ, ಅಂದರೆ ನಮ್ಮವ್ವ. ಉಳಿದದ್ದನ್ನೆಲ್ಲ ಅವನು ಸ್ವಂತವಾಗಿ ಕಲಿತ.

ಇಂಥ ಮನುಷ್ಯನನ್ನು ನಾನೇ ಕೈಯಾರೆ ಶಿರಸಿಗೆ ಕರೆಸಿಕೊಂಡೆ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಈ ಮಾತು ಹೇಳುವಾಗ ದನಿ ತಗ್ಗಿಸುವ ಅಭ್ಯಾಸ ನನಗಿಲ್ಲ. ಅಪ್ಪ ಹೋದ ಮೇಲೆ ಅವ್ವ ಕಂಡವರ ಗದ್ದೆಯಲ್ಲಿ ಸಸಿ ನೆಟ್ಟು ಓದಿಸಿದ ಪದವಿ ಅದು. ಕಾಲೇಜಿನಲ್ಲಿ ನೌಕರಿ ಸಿಕ್ಕ ದಿನವೇ ಅವಳಿಗೆ ಮಾತು ಕೊಟ್ಟಿದ್ದೆ: "ಇನ್ನ ನೀ ಗದ್ದಿಗೆ ಇಳಿಯೂದು ಬ್ಯಾಡ. ನನ್ನ ಮನ್ಯಾಗ ಬಂದಿರು." ಆಗ ನನಗೆ ಮನೆಯೇ ಇರಲಿಲ್ಲ ಎಂಬುದು ಬೇರೆ ಮಾತು!

ಶಿರಸಿಯಲ್ಲಿ ಬಾಡಿಗೆಗೆ ಹೊಸ ಮನೆಗಳೇನೂ ಕಡಿಮೆಯಿಲ್ಲ. ಆದರೆ ಮಾಲಕರು ಬಾಡಿಗೆ ಹೇಳುವ ಮೊದಲು "ನೀವು ಯಾವ ಪೈಕಿ?" ಎನ್ನುತ್ತಾರೆ. ಪೈಕಿ ತಿಳಿದ ಕೂಡಲೇ, ಆ ಮನೆಗೆ ಅವರ ಅಳಿಯ ಬರುವುದು ನೆನಪಾಗುತ್ತದೆ. ಒಂದೇ ಪೇಟೆಗೆ ಇಷ್ಟೊಂದು ಅಳಿಯಂದಿರು ಹೊರಟು ನಿಂತಿದ್ದಾರೆಂದು ಯಾರಿಗೆ ಗೊತ್ತಿತ್ತು!

ಕೊನೆಗೆ ಪೈಕಿ ಕೇಳದೆ ಸಿಕ್ಕಿದ್ದು ಈ ಹಳೇ ಹಂಚಿನ ಮನೆ. ಕೇಳುವ ಗತ್ತು ಆ ಮನೆಗೇ ಉಳಿದಿರಲಿಲ್ಲ. ಗೋಡೆಗಳು ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದ್ದವು. ನೆಲ ಎಷ್ಟು ವಾಲಿತ್ತೆಂದರೆ ಮಗಳು ಚೆಂಡನ್ನು ಎಲ್ಲಿ ಬಿಟ್ಟರೂ ಅದು ಉರುಳಿಕೊಂಡು ಬಚ್ಚಲಿಗೇ ಹೋಗುತ್ತಿತ್ತು.

ಪಕ್ಕದಲ್ಲೇ ಇದ್ದ ಮಾಲಕರು ಮಾತ್ರ ಬೀಗಿದರು. "ಹಳೇದು ಅಂದ್ರೆ ಎಂತ ತಿಳ್ಕಂಡ್ರಿ? ಇಂಥದ್ದನ್ನ ಹೋಂಸ್ಟೇ ಮಾಡಿದ್ರೆ ಪೇಟೆಯೋರು ಒಂದು ರಾತ್ರಿ ಮಲಗೂಕೆ ದುಡ್ಡು ಸುರೀತಾರೆ ಮಾರಾಯ್ರೆ!"

ಮನೆ ನೋಡಲು ಬಂದಿದ್ದ ಮಾಮಾ ಕೂಡಲೇ ಹೇಳಿದ: "ಒಂದ್ ರಾತ್ರಿ ಮಲಗೋರಿಗೆ ಚಂದ ಐತ್ರಿ. ದಿನಾ ಮಲಗೋರಿಗೆ ನೀವಽ ರೊಕ್ಕಾ ಕೊಡಬೇಕಾಗ್ತೈತಿ."

ಆಮೇಲೆ ಪಡಸಾಲೆಯ ಕಂಬಕ್ಕೆ ಒಂದು ಗುದ್ದು ಗುದ್ದಿದ. ಬೊಗಸೆಯಷ್ಟು ಗೆದ್ದಲು ಮಣ್ಣು ಅವನ ತಲೆ ಮೇಲೆ ಸುರಿಯಿತು. ಮಾಮಾ ತಲೆ ಕೊಡವಿಕೊಂಡು ತೀರ್ಪು ಕೊಟ್ಟ: "ಕಂಬ ಗಟ್ಟಿ ಐತಿ, ಹಿಡಿ ಮನೀನ. ಗೆದ್ದಲಿ ಇಷ್ಟ್ ವರ್ಷ ತಿಂದ್ರೂ ಮುಗಿಸಾಕ ಆಗಿಲ್ಲ ನೋಡು!"

ಹಿಡಿದೆವು. ನಾನು, ನಮ್ಮವರು, ಮಗಳು ಸಾಮಾನು ಸಮೇತ ಬಂದಿಳಿದೆವು. ಅದರ ಬೆನ್ನಿಗೇ ಅವ್ವ ಬಂದಳು, ಕಂಕುಳಲ್ಲಿ ಒಂದು ಗಂಟು ಹಿಡಿದುಕೊಂಡು. ಬಾಗಿಲಲ್ಲೇ ನಿಂತು ಒಳಗೆ ಇಣುಕಿದಳು.

"ಇಷ್ಟ್ ಓದಿ ಓದಿ ಬಂದು ನಿಂತಿದ್ದು ಈ ಮನಿಗೇನ ನಮ್ಮವ್ವಾ? ನಮ್ಮ ದನದ ಕೊಟ್ಟಿಗಿ ಇದಕ್ಕಿಂತ ಚಲೋ ಐತಿ. ನಾಳಿ ಬಸ್ಸಿಗೆ ನಾ ಹೊಂಟೆ."

ಗಂಟು ಬಿಚ್ಚಲಿಲ್ಲ. ಜಗುಲಿಯ ಮೂಲೆಯಲ್ಲಿಟ್ಟು ಅದಕ್ಕೇ ಒರಗಿ ಕೂತಳು. ಮರುದಿನ ಕಸಬರಿಗೆ ಹಿಡಿದಳು, ನಾನು ಕಸಿದುಕೊಂಡೆ. ಪಾತ್ರೆಗೆ ಕೈ ಹಾಕಿದಳು; "ಸುಮ್ಮನ ಕುಂದ್ರಬೇ, ನೀ ದುಡಿದದ್ದು ಸಾಕು" ಎಂದೆ. ಅವ್ವ ಕೂತಳು. ಕೂತು, ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

"ಮನಿ ಸರಿ ಇಲ್ಲಂತ ಅವ್ವ ಹೊಂಟಾಳ. ನಾನು ಕೊಟ್ಟ ಮಾತು ಏನಾತು?" ಎಂದು ಮಾಮಾನ ಮುಂದೆ ಗೋಳು ಹೇಳಿಕೊಂಡೆ. ಅವನು ಜಗುಲಿಯ ಕಡೆ, ಅಕ್ಕನ ಖಾಲಿ ಕೈಗಳ ಕಡೆ, ಸ್ವಲ್ಪ ಹೊತ್ತು ನೋಡಿದ. "ರಿಪೇರಿ ನನ್ನ ಮ್ಯಾಲ ಬಿಡು ಅಕ್ಕೋರ." ಕಾಲೇಜಿನಲ್ಲಿ ಕಲಿಸಿದರೂ ಅವನ ಲೆಕ್ಕದಲ್ಲಿ ನಾನು ಕನ್ನಡ ಶಾಲೆಯ ಅಕ್ಕೋರೇ. ಬಿಟ್ಟೆ. ಬೇರೆ ದಾರಿ ಏನಿತ್ತು?

ಮೊದಲ ರಿಪೇರಿ ಒಳಬಾಗಿಲಿನದು. ಅದು ಗಿಡ್ಡ, ನಮ್ಮವರು ಉದ್ದ. ದಿನಕ್ಕೆ ಹಲವು ಸಲ ಅವರ ಹಣೆ ಚೌಕಟ್ಟಿಗೆ ಬಡಿದು ಮನೆಯೆಲ್ಲ ನಡುಗುತ್ತಿತ್ತು. ಮಾಮಾ ಗೋಣಿಚೀಲಕ್ಕೆ ಹುಲ್ಲು ತುಂಬಿ, ದಿಂಬಿನಂತೆ ಹೊಲಿದು, ಚೌಕಟ್ಟಿನ ಕೆಳಗೆ ಕಟ್ಟಿಬಿಟ್ಟ. ಪರಿಣಾಮ ಏನಾಯಿತು ಗೊತ್ತೇ? ಬಾಗಿಲು ಇನ್ನಷ್ಟು ಗಿಡ್ಡವಾಗಿ, ಅಲ್ಲಿಯವರೆಗೆ ಆರಾಮಾಗಿ ಓಡಾಡುತ್ತಿದ್ದ ನನ್ನ ಹಣೆಗೂ ಬಡಿಯತೊಡಗಿತು! ದಾಂಪತ್ಯದಲ್ಲಿ ಸಮಾನತೆ ಎಂದು ನಾನು ತರಗತಿಯಲ್ಲಿ ಭಾಷಣ ಮಾಡುವುದುಂಟು. ಮನೆಯಲ್ಲಿ ತಂದವನು ಮಾಮಾ.

"ಬಡೀತೈತಲ್ಲೋ ಮಾಮಾ!"

"ಬಡೀಲಿ ಬಿಡು. ಮೆತ್ತಗ ಬಡೀತೈತಿಲ್ಲೋ?"

ಎರಡನೆಯದು ಅಡುಗೆಮನೆಯ ಕಿಟಕಿ. ಅದು ಮುಚ್ಚುತ್ತಿರಲಿಲ್ಲ. ಮಾಮಾ ದಿನವಿಡೀ ಉಳಿ ಸುತ್ತಿಗೆ ಹಿಡಿದು ಕೂತ. ಸಂಜೆಗೆ ಅದು ಮುಚ್ಚಿತು. ಇವತ್ತಿಗೂ ತೆರೆದಿಲ್ಲ.

ಜಗುಲಿಯಲ್ಲಿ ಅವ್ವ ದಿನಕ್ಕೊಂದು ಬಸ್ಸು ಕಾಯುತ್ತಿದ್ದಳು, ದಿನಕ್ಕೊಂದು ರಿಪೇರಿ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಉಳಿದದ್ದು ಬಚ್ಚಲ ಒಲೆ. ನೀರು ಕಾಯಿಸುವ ಹಂಡೆಯ ಕೆಳಗೆ ಅದು ಕುಸಿದು ಬಿದ್ದಿತ್ತು. ಮಾಮಾ ಊರಿಗೆ ಹೋಗಿ, ನಮ್ಮ ಕೆರೆಯ ಮಣ್ಣನ್ನೇ ಚೀಲ ತುಂಬಿ, ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಬೈಸಿಕೊಂಡು ತಂದ. ಇದೊಂದಾದರೂ ನೆಟ್ಟಗಾಗುತ್ತದೆ ಎಂದು ನಾನು ನಿಶ್ಚಿಂತಳಾದೆ.

ಬೆಂಕಿ ಹಚ್ಚಿದ ದಿನ ಹೊಗೆ ಹೊರಗೆ ಹೋಗುವ ಬದಲು ಇಡೀ ಮನೆಗೆ ನುಗ್ಗಿತು. ಮಗಳು ಕೆಮ್ಮಿದಳು, ನಾನು ಕೆಮ್ಮಿದೆ, ಹಂಚಿನ ಸಂದಿಯಿಂದ ಹೊಗೆ ಎದ್ದದ್ದು ಕಂಡು ಮಾಲಕರು ಓಡಿ ಬಂದರು.

"ಎಂತ ಸುಡ್ತಾ ಇದ್ರಿ ಮಾರಾಯ್ರೆ? ನಮ್ಮ ಅಜ್ಜನ ಕಾಲದ ಮನೆ!"

"ಸೊಳ್ಳಿ ಓಡಸಾಕ ಹತ್ತೀನ್ರಿ," ಎಂದ ಮಾಮಾ.

ಅಷ್ಟರಲ್ಲಿ ಜಗುಲಿಯಿಂದ ಅವ್ವ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲಿಗೆ ನುಗ್ಗಿದಳು.

"ಒಲಿ ಬಾಯಿ ಗಾಳಿಗೆ ಬೆನ್ನು ಮಾಡಿ ಇಟ್ಟೀಯಲ್ಲೋ ಮುಕ್ಕಾ! ಹೊಗಿ ಎಲ್ಲಿಂದ ಹೋಗಬೇಕು, ನಿನ್ನ ಮೂಗಿನ್ಯಾಗಿಂದ?"

"ಹಂಗಽ ಆತು ಬಿಡು ಅಕ್ಕಾ. ನೀ ಕುಂದರು, ಇನ್ನೊಂದ್ ಸಲ ನಾನಽ…"

"ಸರಿ ಆಚೆ! ನನ್ನ ಕಡೆ ಕಲತೀನಂತ ಮಂದಿ ಮುಂದ ಹೇಳೀಗೀಳೀ!"

ಬೆಂಕಿ ಆರಿಸಿ, ಒಂದೇ ಒದೆತಕ್ಕೆ ಒಲೆ ಕೆಡವಿದಳು. ಮಣ್ಣು ನೆನೆಸಿದಳು. ಹುಲ್ಲು ಕತ್ತರಿಸಿಕೊಡಲು ನಮ್ಮವರಿಗೆ, ನೀರು ತರಲು ಮಾಲಕರಿಗೆ ಹೇಳಿದಳು. ಅವರು ತಂದರು ಕೂಡ! ನನ್ನ ಕಡೆ ತಿರುಗಿ, "ಏನ್ ನೋಡ್ಕೋತ ನಿಂತಿ? ಗಂಟಿನ್ಯಾಗ ಹಳೇ ಸೀರಿ ಐತಿ, ಬಿಚ್ಚಿ ತಾ. ಈ ಚಲೋ ಸೀರಿ ಮಣ್ಣಾಕ್ಕೈತಿ" ಎಂದಳು.

ಗಂಟು ಸುಲಭಕ್ಕೆ ಬಿಚ್ಚಲಿಲ್ಲ; ಹಲ್ಲು ಹಚ್ಚಬೇಕಾಯಿತು. ಎಲ್ಲಕ್ಕಿಂತ ಮೇಲೆ ಇದ್ದದ್ದು ಅವಳು ಗದ್ದೆಗೆ ಉಡುತ್ತಿದ್ದ ಸೀರೆ.

ಒಲೆ ಒಣಗುವಷ್ಟರಲ್ಲಿ ಅವ್ವ ನೆಲದ ಬಿರುಕು ತುಂಬಿದಳು, ಉಬ್ಬಿದ ಗೋಡೆಗೆ ಮಣ್ಣು ಮೆತ್ತಿದಳು, ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡಳು. ಮಾಲಕರು ಬೇಲಿಯಾಚೆಯಿಂದ, "ಅಮ್ಮಾ, ನಮ್ಮನೆ ಬಚ್ಚಲ ಒಲೆನೂ ಚೂರು ನೋಡ್ತ್ರಾ?" ಎಂದು ಕೇಳುವ ಹಾಗಾಯಿತು. ಊರಿನ ಬಸ್ಸುಗಳು ಬಂದವು, ಹೋದವು. ಅವುಗಳ ಮಾತನ್ನು ಅವಳು ಎತ್ತಲೇ ಇಲ್ಲ.

ಒಲೆಗೆ ಬೆಂಕಿ ಹಾಕಿದ ದಿನ ಮಾಮಾ ಚೀಲ ಹೆಗಲಿಗೇರಿಸಿ ಜಗುಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ. ನಾನು ಹತ್ತಿರ ಹೋಗಿ ಕೇಳಿದೆ.

"ಮಾಮಾ, ಊರ ತುಂಬ ಒಲಿ ಹಾಕಿದಾಂವ ನೀನು. ಇದೊಂದು ಹೆಂಗ ತಪ್ಪಿತು?"

"ಮಣ್ಣು ಸರಿ ಇರಲಿಲ್ಲ," ಎಂದ, ಸುಣ್ಣ ಸವರುತ್ತಾ, ನನ್ನ ಮುಖ ನೋಡದೆ.

ಅದೇ ಮಣ್ಣಿನಲ್ಲಿ ಅವ್ವ ಹಾಕಿದ ಒಲೆ ಒಳಗೆ ನಿಗಿನಿಗಿ ಉರಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಕೂಗು ಬಂತು.

"ಆ ಮುಕ್ಕಗ ಹೇಳು, ನೀರು ಕಾದಾವು. ನಮ್ಮ ಮನಿಗೆ ಬಂದಾಂವ ಜಳಕಾ ಮಾಡದ ಹೋಗ್ತಾನೇನು?"

ನಮ್ಮ ಮನಿ! ಮಾಮಾ ಚೀಲ ಕೆಳಗಿಟ್ಟ. ಲಗುಬಗೆಯಿಂದ ಒಳಗೆ ಹೋಗುವಾಗ ತಾನೇ ಕಟ್ಟಿದ ಗೋಣಿಚೀಲಕ್ಕೆ ಹಣೆ ಬಡಿಸಿಕೊಂಡ. ಹಾಗೇ ಒಂದು ಗಳಿಗೆ ಅದಕ್ಕೆ ತಲೆ ಆನಿಸಿ ನಿಂತ.

"ಮೆತ್ತಗಽ ಐತಿ," ಅಂದ.