ಮಂಜೂರಾದ ದಾಳ

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರಿನ ದಾಳ ಹನ್ನೊಂದು ವರ್ಷಗಳಿಂದ ಒಂದೇ ಫಲಿತಾಂಶ ಕೊಡುತ್ತಾ ಬಂದಿದೆ. ಕಾಲೇಜಿನ ಹೆಸರು ಬೇಡ. ಹೇಳಿದರೆ ಅವರು ಸಂತೋಷಪಟ್ಟು ಬ್ಯಾನರ್ ಕಟ್ಟಿಸಿಯಾರು.

ಬಿ.ಎಸ್ಸಿ. ಗಣಿತಕ್ಕೆ ಹನ್ನೆರಡು ಪ್ರಯೋಗಗಳು. ಎಕ್ಸೆಲ್‌ನಲ್ಲಿ ಸರಾಸರಿ ತೆಗೆಯುವುದು, ಸಣ್ಣ ಪ್ರೋಗ್ರಾಂ ಬರೆಯುವುದು, ಸಾಫ್ಟ್‌ವೇರಿನಲ್ಲಿ ಗ್ರಾಫ್ ಎಳೆಯುವುದು, ಹೀಗೆ. ಒಂಬತ್ತನೆಯದು, ಕಂಪ್ಯೂಟರಿನೊಳಗೆ ದಾಳವನ್ನು ಹತ್ತು ಸಲ ಉರುಳಿಸಿ ಬಿದ್ದ ಸಂಖ್ಯೆಗಳನ್ನು ಬರೆಯುವುದು. ಕಂಪ್ಯೂಟರುಗಳು ಸವೆಯಬಾರದೆಂದು ಲ್ಯಾಬಿಗೆ ಬೀಗ ಹಾಕಲಾಗಿತ್ತು. ಮಕ್ಕಳು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಇಸಕೊಂಡು ಉತ್ತರಸಮೇತ ಇಳಿಸಿಕೊಳ್ಳುತ್ತಿದ್ದರು. ಇದಕ್ಕೆ ಪ್ರಾಯೋಗಿಕ ಶಿಕ್ಷಣ ಎಂದು ಹೆಸರು.

ಬಾಗಳಿ ಊರಿನ ಯಶೋಧಾ ಮಾಡಿದ ತಪ್ಪೆಂದರೆ ಪ್ರಯೋಗವನ್ನು ಮಾಡಿದ್ದು. ಅವಳಿಗೆ ಉಳಿದಿದ್ದು ಇದೊಂದೇ ಪೇಪರು. ಪಾಸಾದರೆ ಬಿ.ಎಡ್. ಸೀಟು, ಮುಂದೆ ಗಣಿತದ ಟೀಚರು. ಇಲ್ಲವಾದರೆ ಇನ್ನೊಂದು ವರ್ಷ ಮನೆಯಲ್ಲಿ. ಒಳಗಿಟ್ಟಿದ್ದ ಕಸಬರಿಗೆ ತೆಗೆಯಲು ಲ್ಯಾಬ್ ತೆರೆದ ದಿನ ಒಳಹೊಕ್ಕು, ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಬಂದದ್ದನ್ನೇ ರೆಕಾರ್ಡಿನಲ್ಲಿ ಬರೆದಳು. ವಿಭಾಗದ ಮುಖ್ಯಸ್ಥರಾದ ಗುರುಸಂಗಪ್ಪನವರು ಕೆಂಪು ಪೆನ್ನು ಕೈಗೆತ್ತಿಕೊಂಡರು.

“ತಪ್ಪು ಬಂದೈತಲ್ಲಮ್ಮ. ನಾಕು, ಏಳು, ಆರು, ಎರಡು ಅಂತ ಬರಬೇಕಿತ್ತು.”

“ಸರ್, ದಾಳ ಅದು. ಏನಾರ ಬೀಳ್ತೈತಿ.”

“ಏನಾರ ಬೀಳಾಕ ಇದೇನು ಇಸ್ಪೀಟ್ ಅಡ್ಡೆ ಏನು? ಸಿಲಬಸ್ ಐತಿ.”

ಅವರ ಮೇಜಿನ ಕಂಪ್ಯೂಟರಿನಲ್ಲೇ ಪ್ರೋಗ್ರಾಂ ಮತ್ತೊಮ್ಮೆ ಓಡಿಸಿ ತೋರಿಸಿದಳು. ಬೇರೆಯೇ ಸಂಖ್ಯೆಗಳು ಬಂದವು.

“ನೋಡು, ಒಮ್ಮೆ ಹೇಳಿದ್ದು ಇನ್ನೊಮ್ಮೆ ಹೇಳವಲ್ದು. ಸುಳ್ಳು ಹೇಳೋರ ಲಕ್ಷಣ ಇದು. ನಮ್ಮ ರೆಕಾರ್ಡು ಹನ್ನೊಂದು ವರ್ಷ ಮಾತು ತಪ್ಪಿಲ್ಲ.”

“ಆದ್ರ ಏಳು ಹೆಂಗ ಬೀಳ್ತೈತಿ ಸರ್? ದಾಳಕ್ಕ ಆರೇ ಮುಖ.”

ಮೊದಲ ವರ್ಷ ಯಾವನೋ ಪುಣ್ಯಾತ್ಮ ನಿಜವಾಗಿಯೂ ದಾಳ ಉರುಳಿಸಿದ್ದ. ಅವನು ಬರೆದ 1, ನಕಲಿನಿಂದ ನಕಲಿಗೆ ತಲೆ ಬಾಗಿಸುತ್ತಾ 7 ಆಗಿತ್ತು. ಗುರುಸಂಗಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

“ನೀ ನೋಡಿದ್ದು ಹಳೇ ದಾಳ ಇರಬೇಕು” ಎಂದರು.

ಮೂರನೇ ದಿನ ಸುತ್ತೋಲೆ ಹೊರಟಿತು: ‘ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಿಂದ ಬರುವ ಸಮಸ್ತ ವಿದ್ಯಾರ್ಥಿಗಳು ದಾಳದಿಂದ ಮಂಜೂರಾದ ಸಂಖ್ಯೆಗಳನ್ನು ಮಾತ್ರ ಪಡೆಯತಕ್ಕದ್ದು. ಬೇರೆ ಸಂಖ್ಯೆ ಬೀಳಿಸಲಿಚ್ಛಿಸುವವರು ಹದಿನೈದು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು.’

ಅತಿಥಿ ಉಪನ್ಯಾಸಕ ಪ್ರವೀಣಕುಮಾರ್ ವರಾಂಡದಲ್ಲಿ ಅವಳನ್ನು ತಡೆದ. “ಆರೇ ಮುಖ ಅಂತ ನಂಗೂ ಗೊತ್ತೈತವ್ವ. ಗೊತ್ತೈತಿ ಅಂತ ಯಾರಿಗೂ ಹೇಳಿಲ್ಲ, ಅಷ್ಟ. ವರ್ಷಾ ವರ್ಷಾ ನನ್ನ ಕೆಲಸ ರಿನ್ಯೂವಲ್ ಆಗಬೇಕಲ್ಲ.”

ಯಶೋಧಾಳಿಗೆ ಅವನ ಮೇಲೆ ಅಸಹ್ಯ ಹುಟ್ಟಿತು. ಆ ಅಸಹ್ಯ ಪರೀಕ್ಷೆಯ ದಿನದವರೆಗೆ ಗಟ್ಟಿಯಾಗಿಯೇ ಉಳಿಯಿತು.

ಅಂದು ಮಂಜೂರಾದ ಸಂಖ್ಯೆಗಳನ್ನೇ ತಿದ್ದಿ ಬರೆದ ರೆಕಾರ್ಡನ್ನು ಹೊರಗಿನ ಪರೀಕ್ಷಕರ ಮುಂದಿಟ್ಟು, ಅವಳು ಹತ್ತು ಸಾಲಿನ ಪ್ರೋಗ್ರಾಂ ಬರೆದಳು: ನಾಲ್ಕು ಎಂದು ತೋರಿಸು, ಏಳು ಎಂದು ತೋರಿಸು, ಹೀಗೆ ಹತ್ತಕ್ಕೆ ಹತ್ತೂ. ದಾಳದ ಸುದ್ದಿಯೇ ಇರಲಿಲ್ಲ. ಪರೀಕ್ಷಕರು ನಾಲ್ಕು ಸಲ ಓಡಿಸಿದರು. ನಾಲ್ಕು ಸಲವೂ ಅದೇ ಬಂತು. “ಪ್ರೋಗ್ರಾಂ ಅಂದ್ರ ಹಿಂಗಿರಬೇಕು ನೋಡ್ರಿ” ಎಂದು ಗುರುಸಂಗಪ್ಪನವರ ಕಡೆ ತಿರುಗಿದರು. ಆಮೇಲೆ ರೆಕಾರ್ಡಿನ ಮೇಲೆ ಕಣ್ಣಿಟ್ಟೇ ಮೌಖಿಕ ಪ್ರಶ್ನೆ ಕೇಳಿದರು.

“ದಾಳಕ್ಕ ಎಷ್ಟು ಮುಖ?”

ಬಿ.ಎಡ್. ಸೀಟಿಗೆ ಕೊನೆಯ ದಿನಾಂಕ ಸೋಮವಾರವಿತ್ತು.

“ಏಳು ಸರ್.”

“ಗಟ್ಟಿಯಾಗಿ ಹೇಳವ್ವ.”

“ಏಳು ಸರ್.”

ನಲವತ್ತಕ್ಕೆ ನಲವತ್ತು ಬಿದ್ದವು. ಪೂರ್ತಿ ಅಂಕ ಪಡೆದ ಆ ರೆಕಾರ್ಡಿಗೆ ಐದೂ ತಾಲ್ಲೂಕುಗಳಲ್ಲಿ ಬೇಡಿಕೆ ಬಂತು. ಮೊದಲು ಕೇಳಿಕೊಂಡು ಬಂದವಳು ಕೆಳಗಿನ ಕ್ಲಾಸಿನ ಪ್ರಿಯಾ. ಪುಟ ತಿರುಗಿಸುತ್ತಾ ಒಂಬತ್ತನೇ ಪ್ರಯೋಗದ ಹತ್ತಿರ ನಿಂತಳು.

“ಅಕ್ಕಾ, ದಾಳದಾಗ ಏಳು ಎಲ್ಲೈತಿ?”

ಯಶೋಧಾ ಬಿ.ಎಡ್. ಅರ್ಜಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

“ನೀ ನೋಡಿದ್ದು ಹಳೇ ದಾಳ ಇರಬೇಕು” ಎಂದಳು.