ಕೈಸುರುಳಿಯೋ ಯಂತ್ರಸುರುಳಿಯೋ

ಪಾಸಿತಾ: ಡಬ್ಬಿ ಬಿಚ್ಚಾಯ್ತು. ಇನ್ನು ಮಾರಿದವರು ವಾಪಸ್ ತಗೊಳ್ಳಲ್ಲ. ನೀನು ಎಷ್ಟು ಕೂಗಾಡಿದ್ರೂ ಅಷ್ಟೇ.

ಇಸಗಾನಿ: ಬಿಚ್ಚಿದ್ದನ್ನ ಮುಚ್ಚಬಹುದು.

ಪಾಸಿತಾ: ಮುಚ್ಚಬೇಕಾಗಿರೋದು ಡಬ್ಬಿ ಅಲ್ಲ.

ಇಸಗಾನಿ: ನೋಡಿದ್ರಾ ಮಾಂಗ್ ಡೋರೊ? ನನ್ನ ಅಂಗಡೀಲಿ ನನಗೇ ಬಾಯಿ ಮುಚ್ಚು ಅಂತಾಳೆ.

ಮಾಂಗ್ ಡೋರೊ: ಅವಳು ಹಾಗೆ ಹೇಳ್ಲಿಲ್ಲಪ್ಪ. ನೀನೇ ಅರ್ಥ ಮಾಡ್ಕೊಂಡೆ.

ಮರಿಕಿನಾ ಎಂಬ ಊರಿನ ಸಂತೆ ಬೀದಿಯಲ್ಲಿ, ಕ್ಷೌರದಂಗಡಿಗೂ ಬೂಟಿನಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ವೇಪ್ ಅಂಗಡಿ ಅದು. ಗಂಡ ಇಸಗಾನಿ, ಹೆಂಡತಿ ಪಾಸಿತಾ, ಇಬ್ಬರೇ ನಡೆಸುತ್ತಿದ್ದರು. ಸಿಗರೇಟಿನ ಬದಲು ಗಿರಾಕಿಗಳು ಬಾಯಿಗಿಡುವ ವೇಪ್ ಎಂಬ ಪುಟ್ಟ ಉಪಕರಣದ ಹೊಟ್ಟೆಯಲ್ಲಿ ಒಂದು ಜೋಡಿ ತಂತಿ ಸುರುಳಿ ಇರುತ್ತದೆ. ಗುಂಡಿ ಒತ್ತಿದರೆ ಅದು ಕೆಂಪಗೆ ಕಾದು, ಹತ್ತಿ ಹೀರಿಕೊಂಡ ಮಾವಿನ ರಸವನ್ನೋ ಕಾಫಿ ರಸವನ್ನೋ ಆವಿ ಮಾಡಬೇಕು. ಸುರುಳಿ ಸರಿಯಿದ್ದರೆ ರುಚಿ, ಸರಿಯಿಲ್ಲದಿದ್ದರೆ ಬಾಯಿ ತುಂಬ ಸುಟ್ಟ ಹತ್ತಿ. ಒಂಬತ್ತು ವರ್ಷದಿಂದ ಆ ಅಂಗಡಿಯ ಸುರುಳಿಗಳನ್ನೆಲ್ಲ ಇಸಗಾನಿ ಒಂದು ಸ್ಕ್ರೂಡ್ರೈವರಿನ ಕಡ್ಡಿಗೆ ಕೈಯಲ್ಲೇ ಸುತ್ತುತ್ತಿದ್ದ.

ಡಬ್ಬಿಯಿಂದ ಹೊರಬಂದು ಈಗ ಮೇಜಿನ ಮೇಲೆ ಕೂತಿದ್ದುದು ಸುರುಳಿ ಸುತ್ತುವ ಅಂಗೈಯಗಲದ ಯಂತ್ರ. ಒಂದು ಮೋಟರು, ಅದರ ಮೂತಿಗೊಂದು ಉಕ್ಕಿನ ಕಡ್ಡಿ, ಸುತ್ತು ಎಣಿಸಲು ಒಂದು ಪುಟ್ಟ ಕಿಟಕಿ. ತರಿಸಿದವಳು ಪಾಸಿತಾ. ಶನಿವಾರ ನದಿ ದಂಡೆಯ ಸಭಾಂಗಣದಲ್ಲಿ ಸುರುಳಿ ಸುತ್ತುವ ಸ್ಪರ್ಧೆಯಿತ್ತು, ಅಂಗಡಿಗೆ ಒಬ್ಬರೇ, ಕೈಯಾದರೂ ಸರಿ ಯಂತ್ರವಾದರೂ ಸರಿ ಎಂಬ ನಿಯಮ. ಹೋದ ಎರಡು ವರ್ಷ ಇಸಗಾನಿ ಹೋಗಿದ್ದ, ಒಮ್ಮೆ ಗೆದ್ದೂ ಇದ್ದ. ಈ ಸಲ ಯಂತ್ರ ಹಿಡಿದು ತಾನೇ ಹೋಗುತ್ತೇನೆಂದು ಪಾಸಿತಾ ಹಟ ಹಿಡಿದಿದ್ದಳು. ಅರ್ಜಿ ಆ ದಿನವೇ, ಬುಧವಾರ ಸಂಜೆ ಐದರೊಳಗೆ, ಸ್ಪರ್ಧೆ ನಡೆಸುವ ಸಂಘದ ಕಚೇರಿ ಮುಟ್ಟಬೇಕಿತ್ತು. ಹೆಸರಿನ ಜಾಗ ಇನ್ನೂ ಖಾಲಿ. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಕೊಟ್ಟುಹೋಗಲು ಒಪ್ಪಿದ್ದವನು ಮಾಂಗ್ ಡೋರೊ, ಅಂದರೆ ಹಿರಿಯ ಡೋರೊ. ನಲವತ್ತು ವರ್ಷ ಜೀಪ್ನಿ ಎಂಬ ಪುಟ್ಟ ಬಸ್ಸು ಓಡಿಸಿ, ಸಿಗರೇಟು ಬಿಟ್ಟು ಈ ಹೊಗೆಗೆ ಬಂದಿದ್ದ ಮುದುಕ. ದಿನವೂ ಫ್ಯಾನಿನ ಕೆಳಗಿನ ಬೆಂಚು ಅವನದೇ.

ಇಸಗಾನಿ: ತಂತಿಗೂ ಒಂದು ಮನಸ್ಸಿರುತ್ತೆ, ಪಾಸಿತಾ. ಎಲ್ಲಿ ಎಳೀಬೇಕು, ಎಲ್ಲಿ ಬಿಡಬೇಕು, ಹೆಬ್ಬೆರಳಿಗೆ ಹೇಳುತ್ತೆ.

ಪಾಸಿತಾ: ನನಗೆ ಯಾಕೆ ಹೇಳಲ್ಲ?

ಇಸಗಾನಿ: ನೀನು ಮಾತು ನಿಲ್ಸಿದ್ರೆ ತಾನೇ ಅದು ಬಾಯಿ ಬಿಡೋದು.

ಮಾಂಗ್ ಡೋರೊ: ನನ್ನ ಹತ್ರ ಜೀಪ್ನಿ ಗೇರು ಮಾತಾಡ್ತಿತ್ತು. ಬರೀ ಬೈಗುಳ.

ಪಾಸಿತಾ: ಯಂತ್ರಕ್ಕೆ ಮಾತಿಲ್ಲ ಕತೆಯಿಲ್ಲ. ಆರು ಸುತ್ತು ಅಂದ್ರೆ ಆರು ಸುತ್ತು. ಎಡಗಡೆ ಸುರುಳಿ ಹೇಗಿರುತ್ತೋ ಬಲಗಡೇದೂ ಹಾಗೇ. ಅವಳಿ ಮಕ್ಕಳ ಹಾಗೆ.

ಇಸಗಾನಿ: ಯಂತ್ರ ಯಾವಾಗ ಬೇಕಾದ್ರೂ ಕೈ ಕೊಡುತ್ತೆ. ಕೈ ಯಾವತ್ತೂ ಕೈ ಕೊಡಲ್ಲ.

ಪಾಸಿತಾ: ಇದನ್ನ ಬೂಟಿನ ಕಾರ್ಖಾನೇಲೂ ಹೇಳಿದ್ದೆ ನೀನು.

ಇಸಗಾನಿ: ಹೇಳಿದ್ದೆ. ಹನ್ನೊಂದು ವರ್ಷ ಕೈಯಲ್ಲಿ ಅಟ್ಟೆ ಹೊಲಿದವನು ನಾನು. ಒಂದು ಸೋಮವಾರ ಹೊಲಿಯೋ ಮೆಷಿನ್ ತಂದಿಟ್ರು. ಶುಕ್ರವಾರ ನನ್ನನ್ನ ಹೊರಗಿಟ್ರು. ಆ ಮೆಷಿನ್ ಮೇಲೆ ಕೂತಿದ್ದವಳು ಯಾರು? ಹೇಳು ಮಾಂಗ್ ಡೋರೊಗೆ.

ಪಾಸಿತಾ: ನಾನೇ. ಅದಕ್ಕೇನೀಗ?

ಇಸಗಾನಿ: ಕೆಲಸ ಕಿತ್ಕೊಂಡವಳನ್ನೇ ಮದುವೆ ಆದೆ.

ಪಾಸಿತಾ: ಕೆಲಸ ಇರಲಿಲ್ಲವಲ್ಲ, ನಿನಗೆ ಬಿಡುವಿತ್ತು.

ಮಾಂಗ್ ಡೋರೊ: ನಾಲ್ಕು ಗಂಟೆ ಆಯ್ತು. ಅರ್ಜಿಗೆ ಯಾರ ಹೆಸರು ಬರೀಲಿ?

ಇಸಗಾನಿ: ನಂದು.

ಪಾಸಿತಾ: ನಂದು.

ಮಾಂಗ್ ಡೋರೊ: ಜಾಗ ಒಂದೇ ಇದೆ. ಇಬ್ರೂ ಈಗಲೇ ಒಂದೊಂದು ಜೊತೆ ಸುತ್ತಿ. ಯಾರದು ಚೆನ್ನಾಗಿದೆಯೋ ಅವರದು ಬರೀತೀನಿ.

ಇಬ್ಬರೂ ಒಪ್ಪಿದರು. ಪಾಸಿತಾ ತುದಿ ಸಿಕ್ಕಿಸಿ ಗುಂಡಿ ಒತ್ತಿದಳು. ಯಂತ್ರ ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿ, ಆರು ಸುತ್ತು ಹಾಕಿ ನಿಂತಿತು. ಇನ್ನೊಂದು ಸಲ ಒತ್ತಿದಳು. ಎರಡೂ ಸುರುಳಿ ಮೇಜಿನ ಮೇಲೆ ಬಿದ್ದಾಗ ಇಸಗಾನಿ ಇನ್ನೂ ತಂತಿಯನ್ನು ಎರಡು ಬೆರಳ ನಡುವೆ ನೀವಿ ನೆಟ್ಟಗೆ ಮಾಡುತ್ತಿದ್ದ.

ಪಾಸಿತಾ: ಆಯ್ತು ನಂದು. ತುರೋನ್ ತರ್ಸಲಾ? ನೀನು ಮುಗಿಸೋ ಹೊತ್ತಿಗೆ ಬಾಳೆಹಣ್ಣು ಕರಿದು, ಆರಿ, ತಿಂದೂ ಆಗಿರುತ್ತೆ.

ಇಸಗಾನಿ: ನನ್ನ ಗಮನ ಕೆಡಿಸೋಕೆ ನೋಡ್ತಿದ್ದಾಳೆ. ಬರ್ಕೊಳ್ಳಿ ಮಾಂಗ್ ಡೋರೊ.

ಮಾಂಗ್ ಡೋರೊ: ಬರ್ಕೊಳ್ಳೋಕೆ ಅರ್ಜೀಲಿ ಜಾಗ ಇಲ್ಲ.

ಅವನ ಮೊದಲ ಸುರುಳಿ ಚೆನ್ನಾಗಿ ಬಂತು. ಸುತ್ತುಗಳು ಒಂದಕ್ಕೊಂದು ತಾಗಿ, ಬಸವನ ಹುಳುವಿನ ಚಿಪ್ಪಿನಷ್ಟು ಅಚ್ಚುಕಟ್ಟು. ಎರಡನೆಯದರ ಐದನೇ ಸುತ್ತಿನಲ್ಲಿ ತಂತಿ ಜಾರಿತು.

ಇಸಗಾನಿ: ಈ ತಂತಿ ಹೊಸ ಕಂಪನಿದು. ಬಿಗಿ ಜಾಸ್ತಿ.

ಮತ್ತೆ ಶುರು ಮಾಡಿದ. ಮತ್ತೆ ಐದನೇ ಸುತ್ತಿಗೇ ಜಾರಿತು.

ಇಸಗಾನಿ: ಫ್ಯಾನ್ ಗಾಳಿ ಹೊಡೀತಿದೆ.

ಮಾಂಗ್ ಡೋರೊ ಎದ್ದು ಫ್ಯಾನ್ ಆರಿಸಿದ. ಮೂರನೇ ಸಲವೂ ಜಾರಿತು.

ಇಸಗಾನಿ: ಪಕ್ಕದ ಕ್ಷೌರದಂಗಡಿಯವನು ಅಷ್ಟು ಜೋರಾಗಿ ಹಾಡಿದ್ರೆ ಯಾರ ಕೈ ನಿಲ್ಲುತ್ತೆ?

ಮಾಂಗ್ ಡೋರೊ: ಅವನು ಹಾಡ್ತಿಲ್ಲ. ಊರಿಗೆ ಹೋಗಿದಾನೆ.

ಪಾಸಿತಾ ತಮಾಷೆ ಮಾಡಲು ತೆರೆದ ಬಾಯನ್ನು ಮುಚ್ಚಿ, ತನ್ನ ಸುರುಳಿಗಳನ್ನು ಒಂದು ವೇಪ್ ಉಪಕರಣಕ್ಕೆ ತಿರುಪಿನಿಂದ ಬಿಗಿದು ಕಾಯಿಸಲು ಗುಂಡಿ ಒತ್ತಿದಳು. ನಡುವಿನಿಂದ ಎರಡೂ ಕಡೆಗೆ ಸಮನಾಗಿ ಕೆಂಪೇರಬೇಕಾದ ತಂತಿ ಒಂದೇ ಅಂಚಿನಲ್ಲಿ ಧಗ್ಗೆಂದು ಬೆಳಗಿತು. ಚಿಮ್ಮಟದಿಂದ ಒತ್ತಿ ನೋಡಿದಳು. ಇನ್ನೊಂದು ಅಂಚು ಬೆಳಗಿತು.

ಇಸಗಾನಿ: ಅಲ್ಲಿ ಒತ್ತಬಾರದು.

ಪಾಸಿತಾ: ನೀನು ನಿನ್ನದು ನೋಡ್ಕೊ.

ಇಸಗಾನಿ: ಮೊದಲು ಮೇಲಿಂದ ಮೆಲ್ಲಗೆ ಗೀರಬೇಕು, ಆಮೇಲೆ ಎರಡೂ ಪಕ್ಕದಿಂದ ಅದುಮಬೇಕು. ಕೊಡಿಲ್ಲಿ.

ಪಾಸಿತಾ: ಮುಟ್ಬೇಡ. ಇದು ಸ್ಪರ್ಧೆ.

ಅಷ್ಟರಲ್ಲಿ ಅವನು ಚಿಮ್ಮಟ ಕಸಿದುಕೊಂಡಾಗಿತ್ತು. ಒಮ್ಮೆ ಗೀರಿ, ಕಾಯಿಸಿ, ಅದುಮಿ, ಮತ್ತೆ ಕಾಯಿಸಿದ. ಎರಡೂ ಸುರುಳಿಗಳು ನಡುವಿನಿಂದ ಅಂಚಿನವರೆಗೆ ದಾಸವಾಳದ ಹಾಗೆ ಒಟ್ಟಿಗೆ ಅರಳಿದವು. ಚಿಮ್ಮಟ ಕೆಳಗಿಡುವಾಗ ಅವನು ಮುಖ ಕಿವುಚಿದ. ಬಲ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ.

ಪಾಸಿತಾ: ನೋವಾ?

ಇಸಗಾನಿ: ಇಲ್ಲ.

ಪಾಸಿತಾ: ನಿನ್ನೆ ಅನ್ನದ ಪಾತ್ರೆ ಮುಚ್ಚಳಾನ ಎಡಗೈಯಲ್ಲಿ ತೆಗೆದೆ. ಭಾನುವಾರ ಇಗರ್ಜಿಗೆ ಹೊರಟಾಗ ಅಂಗಿ ಗುಂಡಿ ಹಾಕೋಕಾಗದೆ, ಸೆಖೆ ಅಂತ ಸುಳ್ಳು ಹೇಳಿ ಹಾಗೇ ಬಂದೆ. ನಾನು ನೋಡಿಲ್ಲ ಅಂದ್ಕೊಂಡ್ಯಾ?

ಇಸಗಾನಿ: ಓಹೋ. ಹಾಗಾದ್ರೆ ನನ್ನನ್ನ ಮೂಲೆಗೆ ಹಾಕೋಕೇ ಈ ಡಬ್ಬಿ ತರ್ಸಿದ್ದು.

ಪಾಸಿತಾ: ಮೂಲೆಗೆ ಹಾಕೋದಾದ್ರೆ ಡಬ್ಬಿ ಯಾಕೆ, ಒಂದು ಕುರ್ಚಿ ತರ್ಸಿದ್ರೆ ಸಾಕಿತ್ತು. ಸುತ್ತೋ ಕೆಲಸ ಅದು ಮಾಡಲಿ, ನಿನ್ನ ಬೆರಳು ಉಳೀಲಿ ಅಂತ ತರ್ಸಿದೆ. ಹಾಗಂತ ಹೇಳಿದ್ರೆ ನೀನು ಕೇಳ್ತಿದ್ಯಾ? ಅದಕ್ಕೇ ನಾನೇ ಸ್ಪರ್ಧೆಗೆ ಹೋಗ್ತೀನಿ ಅಂತ ಜಗಳ ತೆಗೆದೆ.

ಇಸಗಾನಿ ಹೆಂಡತಿಯ ಮುಖವನ್ನೊಮ್ಮೆ ಯಂತ್ರವನ್ನೊಮ್ಮೆ ನೋಡಿದ. ಕಾರ್ಖಾನೆಯ ಶುಕ್ರವಾರದಂದು ಗೇಟಿನವರೆಗೂ ಅವನ ಜೊತೆಗೆ ನಡೆದುಬಂದವಳು ಅವಳೊಬ್ಬಳೇ. ಅದು ಅವನಿಗೆ ನೆನಪಿತ್ತು. ಜಗಳವಾಡುವಾಗ ಮಾತ್ರ ಆ ಭಾಗವನ್ನು ಬಿಟ್ಟು ಹೇಳುತ್ತಿದ್ದ.

ಇಸಗಾನಿ: ನೀನು ಸುತ್ತಿದ್ದು ಚೆನ್ನಾಗೇ ಇದೆ. ಅಚ್ಚು ಹೊಡೆದ ಹಾಗೆ. ನೀನೇ ಹೋಗು.

ಪಾಸಿತಾ: ಹೋಗು ಅಂದ್ರೆ? ಎಲ್ಲಿಗೆ?

ಇಸಗಾನಿ: ಸ್ಪರ್ಧೆಗೆ ಮಾರಾಯ್ತಿ. ನಿನ್ನ ತಂಗಿ ಮನೆಗಲ್ಲ.

ಪಾಸಿತಾ: ನನಗೆ ಕಾಯಿಸಿ ತಿದ್ದೋಕೆ ಬರಲ್ಲ ಅಂತ ಈಗಷ್ಟೇ ನೋಡಿದ್ಯಲ್ಲ. ಅಷ್ಟು ಜನರ ಮುಂದೆ ಚಿಮ್ಮಟ ಹಿಡಿದು ಪರದಾಡ್ಲಾ? ನೀನೇ ಹೋಗು. ಯಂತ್ರ ತಗೊಂಡು ಹೋಗು.

ಇಸಗಾನಿ: ನಾನು ಯಂತ್ರ ಹಿಡ್ಕೊಂಡು ಹೋದ್ರೆ ಊರವರು ಏನಂತಾರೆ? ನೀನು ಹೋಗು.

ಪಾಸಿತಾ: ನನಗೆ ಬೇಡ.

ಇಸಗಾನಿ: ನನಗಂತೂ ಬೇಡವೇ ಬೇಡ.

ಮಾಂಗ್ ಡೋರೊ: ನಲವತ್ತು ನಿಮಿಷ ಹಿಂದೆ ಇಬ್ರೂ ನಾನು ನಾನು ಅಂದ್ರಿ. ಈಗ ಇಬ್ರೂ ನೀನು ನೀನು ಅಂತೀರಿ. ಇಪ್ಪತ್ತು ನಿಮಿಷ ಉಳಿದಿದೆ. ಏನು ಬರೀಲಿ?

ಇಸಗಾನಿ: ನಿಮಗೆ ಸರಿ ಕಂಡವರ ಹೆಸರು ಬರೀರಿ.

ಪಾಸಿತಾ: ಹೌದು, ನೀವೇ ಹಿರಿಯರು. ನಿಮ್ಮ ಮಾತು ಮೀರಲ್ಲ.

ಮುದುಕ ಅರ್ಜಿ ಮಡಚಿ ಜೇಬಿಗಿಟ್ಟು ಹೊರಟ. ಗಂಡಹೆಂಡಿರು ತುರೋನ್ ತರಿಸಿ ತಿಂದರು. ಮುಗಿದದ್ದು ಜಗಳವೋ ಸ್ಪರ್ಧೆಯೋ ಇಬ್ಬರಿಗೂ ಗೊತ್ತಿರಲಿಲ್ಲ, ಆದರೆ ಹಸಿವಾಗಿತ್ತು. ಐದೂ ಕಾಲಿಗೆ ಮಾಂಗ್ ಡೋರೊ ಮನೆಗೆ ಹೋಗದೆ ಬೆವರೊರೆಸಿಕೊಳ್ಳುತ್ತ ವಾಪಸು ಬಂದ.

ಪಾಸಿತಾ: ಇವನ ಹೆಸರೇ ತಾನೇ ಕೊಟ್ಟಿದ್ದು?

ಇಸಗಾನಿ: ಅವಳದು ತಾನೇ?

ಮಾಂಗ್ ಡೋರೊ: ಒಂದು ಸಣ್ಣ ವ್ಯತ್ಯಾಸ ಆಯ್ತು. ಸಾಲಲ್ಲಿ ನಿಂತೂ ನಿಂತೂ ಯೋಚಿಸ್ದೆ. ಇಬ್ರಲ್ಲಿ ಯಾರು ಅಂತ ತೀರ್ಮಾನ ಆಗೋ ಮೊದಲೇ ನನ್ನ ಸರದಿ ಬಂತು. ಕಿಟಕೀಲಿ ಕೂತಿದ್ದ ಹೆಂಗಸು ‘ಹೆಸರು?’ ಅಂದ್ಲು.

ಇಸಗಾನಿ: ನೀವೇನಂದ್ರಿ?

ಮಾಂಗ್ ಡೋರೊ: ಅರವತ್ತಮೂರು ವರ್ಷದಿಂದ ಯಾರು ಹೆಸರು ಕೇಳಿದ್ರೂ ನಾನು ಒಂದೇ ಉತ್ತರ ಕೊಡ್ತಿರೋದು. ತೆಯೊಡೋರೊ ಮಗ್ಪಂತಾಯ್ ಅಂದೆ.

ಪಾಸಿತಾ: ಅಯ್ಯೋ ದೇವರೇ. ತಪ್ಪಾಯ್ತು ಅನ್ನಬೇಕಿತ್ತು.

ಮಾಂಗ್ ಡೋರೊ: ಅನ್ನೋಕೆ ಬಾಯಿ ತೆಗೆದೆ. ಅವಳು ಬರೆದ್ಲು, ಮೊಹರು ಒತ್ತಿದ್ಲು, ಕಿಟಕಿ ಹಾಕಿದ್ಲು.

ಇಸಗಾನಿ: ನಿಮಗೆ ಸುರುಳಿ ಸುತ್ತೋಕೆ ಬರುತ್ತಾ?

ಮಾಂಗ್ ಡೋರೊ: ಸೇದೋಕೆ ಬರುತ್ತೆ.

ಪಾಸಿತಾ: ಈ ಜನ್ಮದಲ್ಲಿ ಒಂದಾದ್ರೂ ತಂತಿ ಬಗ್ಗಿಸಿದೀರಾ?

ಮಾಂಗ್ ಡೋರೊ: ಜೀಪ್ನಿ ಬಾಗಿಲು ಬೀಳ್ತಿತ್ತು, ಆಗ ಕಟ್ಟಿದೀನಿ. ಒಂದು ಒಳ್ಳೆ ಸುದ್ದಿ ಇದೆ. ಸ್ಪರ್ಧಿ ಜೊತೆ ಇಬ್ರು ಹಗ್ಗದ ಆಚೆ ನಿಂತು ಹೇಳ್ಕೊಡಬಹುದಂತೆ. ಕೈ ಹಾಕೋ ಹಾಗಿಲ್ಲ, ಬಾಯಿ ಎಷ್ಟು ಬೇಕಾದ್ರೂ ಹಾಕಬಹುದು. ಅದರಲ್ಲಿ ನಿಮ್ಮನ್ನ ಮೀರಿಸೋರು ಈ ಊರಲ್ಲಿ ಇಲ್ಲ ಅಂತ ಧೈರ್ಯ ಮಾಡ್ದೆ.

ಗುರುವಾರ, ಶುಕ್ರವಾರ ಇಡೀ ಪಾಠ ನಡೆಯಿತು. ಬೆಳಿಗ್ಗೆ ಪಾಸಿತಾ ಯಂತ್ರ ಕಲಿಸಿದಳು. ಮಧ್ಯಾಹ್ನ ಇಸಗಾನಿ ಚಿಮ್ಮಟ ಕಲಿಸಿದ. ಮುದುಕ ಯಂತ್ರದ ಗುಂಡಿಯನ್ನು ಜೀಪ್ನಿಯ ಬ್ರೇಕಿನಂತೆ ಒತ್ತುತ್ತಿದ್ದ, ಚಿಮ್ಮಟವನ್ನು ಮೀನಿನ ಮುಳ್ಳು ತೆಗೆಯುವವನಂತೆ ಹಿಡಿಯುತ್ತಿದ್ದ. ಮೊದಲ ದಿನ ಕೆಟ್ಟ ತಂತಿಯಲ್ಲಿ ಒಂದು ಕೋಳಿಗೂಡು ಕಟ್ಟಬಹುದಿತ್ತು. ಎರಡನೆಯ ದಿನ ಸಂಜೆ ಒಂದು ಜೋಡಿ ಸರಿಯಾಗಿ ಅರಳಿತು. ಅದನ್ನು ನೋಡಿ ಗುರುಗಳಿಬ್ಬರೂ ಮೊದಲ ಬಾರಿಗೆ ಒಟ್ಟಿಗೆ ಸುಮ್ಮನಾದರು.

ಶನಿವಾರ ಸಭಾಂಗಣದಲ್ಲಿ ಒಂಬತ್ತು ಮೇಜು, ಒಂಬತ್ತು ಸ್ಪರ್ಧಿಗಳು. ಎಂಟು ಮೇಜಿನ ಸದ್ದನ್ನೂ ಮೀರಿಸಿ ಒಂದೇ ಹಗ್ಗದ ಹಿಂದಿನಿಂದ ದನಿ ಬರುತ್ತಿತ್ತು.

ಪಾಸಿತಾ: ತುದಿ ಸಿಕ್ಕಿಸಿ, ತುದಿ. ಈಗ ಒತ್ತಿ. ಸಾಕು, ಕಾಲು ತೆಗೀರಿ.

ಮಾಂಗ್ ಡೋರೊ: ಕೈಯಲ್ಲೇ ಒತ್ತಿದ್ದು.

ಇಸಗಾನಿ: ಮೇಲಿಂದ ಗೀರಿ. ಮೆಲ್ಲಗೆ. ಮೊಮ್ಮಗಳ ಕೆನ್ನೆ ಸವರೋ ಹಾಗೆ.

ಮಾಂಗ್ ಡೋರೊ: ಅವಳು ಕಚ್ಚುತ್ತಾಳೆ.

ಪಾಸಿತಾ: ಅದುಮಿ ಈಗ. ಎರಡೂ ಕಡೆ.

ಇಸಗಾನಿ: ಅದುಮೋದು ನನ್ನ ವಿಭಾಗ. ನೀನು ಬರಬೇಡ.

ಫಲಿತಾಂಶ ಬಂದಾಗ ತೆಯೊಡೋರೊ ಮಗ್ಪಂತಾಯ್ ಮೂರನೆಯವನಾಗಿದ್ದ. ದಪ್ಪ ಕನ್ನಡಕದ ತೀರ್ಪುಗಾರ್ತಿ ಅವನ ಮೇಜಿನ ಬಳಿ ಬಂದು, ಭೂತಗನ್ನಡಿಯಲ್ಲಿ ಸುರುಳಿಗಳನ್ನು ಮತ್ತೊಮ್ಮೆ ನೋಡಿದಳು.

ತೀರ್ಪುಗಾರ್ತಿ: ಚೆನ್ನಾಗಿದೆ. ಇದು ಕೈಯದ್ದೋ, ಯಂತ್ರದ್ದೋ?

ಪಾಸಿತಾ: ಕೈಯದ್ದು. ತಿದ್ದಿರೋದು ನೋಡಿ, ನನ್ನ ಗಂಡನ ವರಸೆ. ಅದಿಲ್ಲದಿದ್ರೆ ಇದು ಬರೀ ತಂತಿ.

ಇಸಗಾನಿ: ಯಂತ್ರದ್ದು ಮೇಡಂ. ಸುತ್ತು ನೋಡಿ, ಕೂದಲೆಳೆ ವ್ಯತ್ಯಾಸ ಇಲ್ಲ. ನನ್ನ ಹೆಂಡತಿ ತರ್ಸಿದ ಯಂತ್ರ.

ಪಾಸಿತಾ: ಯಂತ್ರದ್ದೇನಿದೆ ಇದರಲ್ಲಿ, ಎಲ್ಲಾ ಕೈಯದ್ದೇ.

ಇಸಗಾನಿ: ಕೈಯಿಂದ ಇಷ್ಟು ಸಮ ಬರುತ್ತಾ? ನೀನು ಸುಮ್ನಿರು.

ತೀರ್ಪುಗಾರ್ತಿ ಅವರಿಬ್ಬರನ್ನೂ ಬಿಟ್ಟು ಮುದುಕನ ಕಡೆ ತಿರುಗಿದಳು.

ತೀರ್ಪುಗಾರ್ತಿ: ನೀವೇ ಹೇಳಿ ತಾತ. ಕೈಯದ್ದೋ, ಯಂತ್ರದ್ದೋ?

ಮಾಂಗ್ ಡೋರೊ: ಡೋರೊದು.