ಬೇಗಲ್‌ನ ವಂಶಾವಳಿ

ನನಗೊಂದು ಕೆಟ್ಟ ಚಾಳಿಯಿದೆ, ಒಪ್ಪಿಕೊಂಡುಬಿಡುತ್ತೇನೆ. ತಟ್ಟೆಗೆ ಏನು ಬಿದ್ದರೂ ರುಚಿ ನೋಡುವ ಮೊದಲು ಅದರ ಹೆಸರು ಎಲ್ಲಿಂದ ಬಂತೆಂದು ಹುಡುಕುತ್ತೇನೆ. ಹೆಂಡತಿ ಸರೋಜ ಇದಕ್ಕೆ ಒಗ್ಗಿಹೋಗಿದ್ದಾಳೆ. ನಾನು ಬಾಯಿ ತೆರೆದರೆ ಅವಳು ಮಿಕ್ಸಿ ಹಾಕುತ್ತಾಳೆ. ಪಾಪ, ಸೊಸೆ ಶಿಲ್ಪಾಗೆ ಇದೆಲ್ಲ ಗೊತ್ತಿರಲಿಲ್ಲ. ಗದಗಿನ ಹುಡುಗಿ, ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿದೆ ಅಷ್ಟೆ. ಹೋದ ಭಾನುವಾರ ಯೂಟ್ಯೂಬ್ ನೋಡಿಕೊಂಡು ಹಿಟ್ಟು ನಾದಿ, ಉಂಗುರದಂತೆ ಸುತ್ತಿ, ನೀರಿನಲ್ಲಿ ಕುದಿಸಿ, ಮೇಲೆ ಎಳ್ಳು ಮೆತ್ತಿ, ಓವನ್ನಿನಲ್ಲಿಟ್ಟು ಏಳು ಬೇಗಲ್ ಮಾಡಿದಳು. ಮೊದಲನೆಯದನ್ನು ನನ್ನ ತಟ್ಟೆಗೆ ಹಾಕಿ, "ಹ್ಯಾಂಗ ಆಗ್ಯಾವ್ರೀ ಮಾವಾರ?" ಎಂದು ಬಾಗಿಲ ಹತ್ತಿರ ನಿಂತಳು.

"ಇದು ಯಿಡ್ಡಿಷ್ ಪದ ಕಣಮ್ಮ," ಎಂದು ನಾನು ಶುರು ಮಾಡಿಯೇ ಬಿಟ್ಟೆ. ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಯಿಡ್ಡಿಷ್. ಲಿಪಿ ಹೀಬ್ರೂ, ಮೈಕಟ್ಟು ಬಹುಪಾಲು ಜರ್ಮನ್. ಅವರ 'ಬೇಯ್ಗಲ್' ಜಾಡು ಹಿಡಿದು ಹೋದರೆ ಹಳೆಯ ಜರ್ಮನ್ನಿನ 'ಬೌಗ್' ಸಿಗುತ್ತದೆ, ಅಂದರೆ ಬಳೆ. ಅದಕ್ಕೂ ಹಿಂದೆ ಬಗ್ಗಿಸುವುದು ಎಂಬರ್ಥದ ಧಾತು. ನಮ್ಮ 'ಬಾಗು' ಹಾಗೇ ಕೇಳಿಸಿದರೂ ನೆಂಟಸ್ತನವೇನಿಲ್ಲ, ಬರೀ ಕಾಕತಾಳೀಯ. ಆದರೆ ನೋಡಿ, ಅವರೂ ತಿಂಡಿಯಲ್ಲಿ ಬಳೆ ಕಂಡರು, ನಾವೂ ಕೋಡುಬಳೆ ಎಂದೆವು! ಇಪ್ಪತ್ತು ನಿಮಿಷ ಹೀಗೆ ಕೊರೆಯುತ್ತಲೇ ಬೇಗಲ್ ಮುಗಿಸಿದೆ. ನಿಜವಾಗಿ ಬಹಳ ಚೆನ್ನಾಗಿತ್ತು. ಎದ್ದು ಕೈ ತೊಳೆದೆ.

ತಪ್ಪಾಗಿದ್ದು ಅಲ್ಲೇ. ನಮ್ಮ ಮನೆಯಲ್ಲಿ ಅಡುಗೆ ಚೆನ್ನಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಇನ್ನೊಂದು ಹಾಕು" ಅನ್ನಬೇಕು, ಅದೇ ಸರ್ಟಿಫಿಕೇಟು. ಎರಡು ತಿಂಗಳಲ್ಲಿ ಆ ಹುಡುಗಿ ಇದನ್ನು ಕಲಿತಿದ್ದಳು. ನಾನು ಇನ್ನೊಂದು ಕೇಳಲೇ ಇಲ್ಲ.

ಸಂಜೆ ಸರೋಜ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಮಗು ಅತ್ತುಬಿಡ್ತು ಕಣ್ರೀ. ಮಾವನಿಗೆ ಸೇರಲಿಲ್ಲ, ಅದಕ್ಕೇ ಏನೇನೋ ಹೇಳಿ ಮಾತು ಮರೆಸಿದ್ರು ಅಂದ್ಕೊಂಡಿದೆ." ನೇರ ಅಡುಗೆಮನೆಗೆ ಹೋಗಿ, "ಇನ್ನೊಂದು ಹಾಕಮ್ಮ," ಎಂದೆ.

"ಖಾಲಿ ಆಗ್ಯಾವ್ರೀ ಮಾವಾರ," ಎಂದಳು. ಕರಿಬೇವು ಕೇಳಲು ಬಂದ ಮಹಡಿ ಮನೆಯ ಆಂಟಿ, ಉಳಿದ ಮೂರನ್ನೂ ಚಟ್ನಿಪುಡಿ ಹಚ್ಚಿಕೊಂಡು ತಿಂದು ಹೋಗಿದ್ದರು. "ಹೆಸರು ಸೈತ ಕೇಳಲಿಲ್ರೀ. ಇನ್ನೊಂದೈತೇನು ಅಂತ ಕೇಳಿದ್ರು!" ಹೇಳುವಾಗ ಅವಳ ಮುಖ ಅರಳಿತ್ತು. ನನಗೆ ಸಮಾಧಾನವೂ ಆಯಿತು, ಆ ಆಂಟಿಯ ಮೇಲೆ ಹೊಟ್ಟೆಕಿಚ್ಚೂ ಆಯಿತು.

"ಮುಂದಿನ ಭಾನುವಾರ ನನಗೂ ಮಾಡ್ತೀಯಾ?"

ಶಿಲ್ಪಾ ತಲೆ ತಗ್ಗಿಸಿ ನಕ್ಕಳು. "ಬರೇ ತಿನ್ನೂದಾದ್ರ ಮಾಡ್ತೀನ್ರೀ."

ಒಪ್ಪಿದೆ. ಇಷ್ಟು ಕಠಿಣವಾದ ಷರತ್ತನ್ನು ಈ ಮನೆಯಲ್ಲಿ ಇದುವರೆಗೆ ಯಾರೂ ನನಗೆ ಹಾಕಿರಲಿಲ್ಲ.